ಲ್ಯಾಬಿಗೊಂದು ಆಟೋ ಸ್ಟಾರ್ಟರ್

ನಮ್ಮ ಕಾಲೇಜಿಗೆ ಸರ್ವರ್ ಬಂದದ್ದು ಕಬ್ಬಿನ ಟ್ರಾಕ್ಟರಿನಲ್ಲಿ. ಮೈಸೂರಿನ ಒಂದು ಕಂಪನಿಯವರು ತಮಗೆ ಹಳತಾಯಿತೆಂದು ಕೊಟ್ಟಿದ್ದರು. ಆ ಕಡೆಯಿಂದ ಖಾಲಿ ಬರುತ್ತಿದ್ದ ನಮ್ಮೂರಿನ ಟ್ರಾಕ್ಟರಿಗೆ ನಾನೇ ಹೇಳಿ, ಅಡಿಗೆ ಹುಲ್ಲು ಹಾಸಿಸಿ, ಮೇಲೆ ಟಾರ್ಪಾಲು ಕಟ್ಟಿಸಿ ಮಳವಳ್ಳಿಗೆ ತರಿಸಿದ್ದೆ. ಇಳಿಸಿ ನೋಡಿದರೆ ಗೊಬ್ಬರದ ಮೂಟೆಯಷ್ಟು ಉದ್ದದ, ಮೂರು ಇಟ್ಟಿಗೆಯಷ್ಟು ದಪ್ಪದ ಒಂದು ಕಬ್ಬಿಣದ ಪೆಟ್ಟಿಗೆ.

"ಇಷ್ಟೇನಾ?" ಎಂದರು ಪ್ರಿನ್ಸಿಪಾಲ್ ಜಯಪ್ರಕಾಶ್ ಸಾರ್. "ನಾನೇನೋ ಬೀರು ಗಾತ್ರ ಇರ್ತದೆ ಅಂತ ಒಂದು ರೂಮೇ ಖಾಲಿ ಮಾಡಿಸಿದ್ದೆ."

"ಇದರೊಳಗೆ ಇಪ್ಪತ್ನಾಕು ಕಂಪ್ಯೂಟರ್ ಕೂತ್ಕೋತವೆ ಸಾರ್" ಎಂದರು ಅನು ಮೇಡಂ.

ನಾನು ಪೆಟ್ಟಿಗೆಯನ್ನು ಒಂದು ಸುತ್ತು ಬಂದೆ. ಮುಂದೆ ಜಾಲರಿ, ಹಿಂದೆ ಫ್ಯಾನು. "ಎಲ್ಲಿ ಮೇಡಂ?"

"ನೋಡ್ತಾ ಇರಿ ಸ್ವಾಮಣ್ಣ" ಎಂದರು.

ನಾನು ಆ ಲ್ಯಾಬಿನ ಅಟೆಂಡರು. ಹತ್ತೊಂಬತ್ತು ವರ್ಷದಿಂದ ಬಾಗಿಲು ತೆಗೆದು, ಧೂಳು ಒರೆಸಿ, ಹುಡುಗಿಯರ ಹೆಗಲ ಮೇಲಿಂದ ಪರದೆ ನೋಡಿ ನೋಡಿ ನಾಲ್ಕಕ್ಷರ ಕಲಿತವನು. ಅನು ಮೇಡಂ ಅತಿಥಿ ಉಪನ್ಯಾಸಕಿ. ಮಂಡ್ಯದ ಹತ್ತಿರದ ಹೊಳಲಿನಿಂದ ದಿನಾ ಎರಡು ಬಸ್ಸು ಹಿಡಿದು ಬರುತ್ತಾರೆ. ವಯಸ್ಸು ನನ್ನ ಮಗಳಷ್ಟು. ಆದರೆ ಏನು ಕೇಳಿದರೂ, ಎಷ್ಟು ಸಲ ಕೇಳಿದರೂ ಹೇಳುತ್ತಾರೆ. ಅಂಥವರು ಸಿಕ್ಕರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಪೆಟ್ಟಿಗೆ ತರಿಸಿದ್ದಕ್ಕೆ ಕಾರಣವಿತ್ತು. ಆ ವರ್ಷ ಕಂಪ್ಯೂಟರ್ ಓದುವ ಇಪ್ಪತ್ತನಾಲ್ಕು ಹುಡುಗಿಯರಿಗೆ ಹೊಸದೊಂದು ಪ್ರಾಕ್ಟಿಕಲ್ ಬಂದಿತ್ತು. ಒಬ್ಬೊಬ್ಬಳಿಗೂ ತನ್ನದೇ ಒಂದು ಯಂತ್ರ ಬೇಕು, ಅದನ್ನು ಅವಳು ಕೆಡಿಸಬೇಕು, ಮತ್ತೆ ಕಟ್ಟಬೇಕು. ನಮ್ಮ ಹನ್ನೊಂದು ವರ್ಷದ ಹಳೆಯ ಕಂಪ್ಯೂಟರುಗಳು ಆ ಕೆಲಸಕ್ಕೆ ಕೈ ಎತ್ತಿದ್ದವು. ಗುರುವಾರ ವಿಶ್ವವಿದ್ಯಾಲಯದಿಂದ ಒಬ್ಬರು ಬಂದು ನೋಡುತ್ತಾರೆ. ಇಪ್ಪತ್ತನಾಲ್ಕೂ ಓಡಿದರೆ ಪರೀಕ್ಷೆ ಇಲ್ಲೇ. ಇಲ್ಲದಿದ್ದರೆ ಮೂರು ದಿನ ಮಂಡ್ಯಕ್ಕೆ ಹೋಗಿ ಬರೆಯಬೇಕು.

ಇಪ್ಪತ್ತಮೂರು ಜನ ಗೊಣಗಿಕೊಂಡು ಬಸ್ಸು ಹತ್ತುತ್ತಿದ್ದರು. ಹತ್ತಲಾಗದವಳು ಶ್ವೇತ. ಬಂಡೂರಿಗೆ ಮದುವೆಯಾಗಿ ಹೋದವಳು, ಎಂಟು ತಿಂಗಳು ತುಂಬಿತ್ತು. ಗಂಡ ತನ್ನ ಆಟೋದಲ್ಲಿ ಗುಂಡಿ ತಪ್ಪಿಸಿಕೊಂಡು ನಿಧಾನಕ್ಕೆ ಮಳವಳ್ಳಿಯವರೆಗೆ ತಂದು ಬಿಡುತ್ತಿದ್ದ. ಅದಕ್ಕಿಂತ ದೂರ ಕೂಡದು ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು.

"ಮುಂದಿನ ವರ್ಷ ಬರ್ಕೊಂಡ್ರಾಯ್ತು ಬುಡವ್ವ" ಎಂದೆ ಒಂದು ದಿನ, ಸಮಾಧಾನಕ್ಕೆ.

"ಮುಂದಿನ ವರ್ಷ ಕಂಕುಳಲ್ಲಿ ಮಗು ಇರ್ತದೆ ಸ್ವಾಮಣ್ಣ. ಕೊಟ್ಟಿಗೇಲಿ ಕುರಿ ಇರ್ತವೆ. ಈ ಸಲ ತಪ್ಪುದ್ರೆ ನಾನ್ ಮತ್ತೆ ಈ ಬಾಗ್ಲಿಗೆ ಬರಲ್ಲ. ನಂಗೇ ಗೊತ್ತು" ಎಂದಳು. ಅಳಲಿಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದಳು. ಆಮೇಲೆ ನಾನು ಆ ಪೆಟ್ಟಿಗೆಯನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಅನು ಮೇಡಂ ಒಂದು ವಾರ ಅದರ ಮುಂದೆ ಕೂತರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡೆ.

"ಮೇಡಂ, ಕಬ್ಬಿಣ ಒಂದೇ, ಒಳಗೆ ಯಂತ್ರ ಇಪ್ಪತ್ನಾಕು. ಅದೆಂಗೆ?"

"ನಿಮ್ಮಪ್ಪ ಏನ್ ಮಾಡ್ತಿದ್ರು ಸ್ವಾಮಣ್ಣ?"

"ನೀರುಗಂಟಿ. ತಿಮ್ಮಯ್ಯ ಅಂದ್ರೆ ಇಡೀ ನಾಲೆಗೆ ಗೊತ್ತು."

"ನಾಲೆ ಒಂದೇ ತಾನೆ? ಗದ್ದೆಯವರೆಲ್ಲ ನಮ್ಮ ನೀರು, ನಮ್ಮ ನೀರು ಅಂತಿರ್ಲಿಲ್ವಾ? ಹೈಪರ್‌ವೈಸರ್ ಅಂತ ಇದರೊಳಗೆ ಒಬ್ಬ ಕೂತವ್ನೆ, ಅವನೇ ನೀರುಗಂಟಿ. ಒಂದು ಕಬ್ಬಿಣದ ಶಕ್ತೀನ ಇಪ್ಪತ್ನಾಕು ಕಡೆಗೆ ತೂಬು ಬಿಟ್ಟು ಹಂಚ್ತಾನೆ. ಪ್ರತಿಯೊಂದು ವರ್ಚುವಲ್ ಮಷಿನ್ನೂ ಕಬ್ಬಿಣ ಪೂರ್ತಿ ನಂದೇ ಅಂದ್ಕೊಂಡಿರ್ತದೆ."

"ಮತ್ತೆ ನೀವು ದಿನಾ ಬೈಕೊಳ್ಳೋ ಆ ಕಂಪ್ಯೂಟ್ ಸರ್ವಿಸ್ಸು?"

"ಅದು ನೀರಾವರಿ ಆಫೀಸು. ಹುಡುಗೀರು ಅರ್ಜಿ ಹಾಕೋದು ಆಫೀಸಿಗೆ. ಯಾರಿಗೆ ಎಷ್ಟು, ಎಲ್ಲಿ ಜಾಗ ಅದೆ ಅಂತ ನೋಡಿ ಅದು ನೀರುಗಂಟಿಗೆ ಹೇಳ್ತದೆ. ಆಫೀಸೂ ನೀರುಗಂಟೀನೂ ಮಾತಾಡೋ ಹಾಗೆ ಮಾಡೋದೇ ಈಗ ನನ್ನ ಕೆಲಸ."

ಇಷ್ಟಾದ ಮೇಲೆ ನನಗೆ ನಿದ್ದೆಯಲ್ಲೂ ಅದೇ. ಆಫೀಸೂ ನೀರುಗಂಟಿಯೂ ಮಾತಾಡದಿದ್ದರೆ ಏನಾಗುತ್ತದೆಂದು ನಮ್ಮಪ್ಪನ ಮಗನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮೊದಲ ದಿನ ಮೇಡಂ ಪೆಟ್ಟಿಗೆಯನ್ನು ಒಂದು ಪ್ರಶ್ನೆ ಕೇಳಿದರು: ಹೀಗೆ ಹಂಚಿ ದುಡಿಯುವ ಶಕ್ತಿ ನಿನ್ನ ಪ್ರೊಸೆಸರಿನಲ್ಲಿದೆಯೇ? ಉತ್ತರ ಸೊನ್ನೆ. ಮೇಡಂ ಮುಖ ಸಣ್ಣದಾಯಿತು. ಶಕ್ತಿ ಇಲ್ಲದಿದ್ದರೂ ನಟಿಸಿ ಓಡಿಸಬಹುದಂತೆ, ಆದರೆ ಎತ್ತಿನ ಗಾಡಿಯ ವೇಗವಂತೆ. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವಾಗ ಅವರಿಗೆ ಹೊಳೆಯಿತು. ಯಂತ್ರ ನಿಲ್ಲಿಸಿ, ಮತ್ತೆ ಹಚ್ಚಿ, ಅದು ಪೂರ್ತಿ ಏಳುವ ಮೊದಲೇ ಒಂದು ಗುಂಡಿ ಒತ್ತಿ ನೀಲಿ ಪರದೆಯೊಳಗೆ ಹೋದರು. ಕಂಪನಿಯವರು ಅಲ್ಲಿ ಆ ಶಕ್ತಿಯನ್ನೇ ಮುಚ್ಚಿಟ್ಟಿದ್ದರು. ತೆರೆದು ಮತ್ತೆ ಕೇಳಿದರೆ ಉತ್ತರ ಮೂವತ್ತೆರಡು, ಅಂದರೆ ಪ್ರೊಸೆಸರಿನ ಮೂವತ್ತೆರಡು ಪಾಲಿಗೂ ಆ ಶಕ್ತಿ ಇದೆಯೆಂದು.

ಎರಡನೇ ದಿನ ಮೊದಲ ಯಂತ್ರಕ್ಕೆ ಅರ್ಜಿ ಹಾಕಿದರು. ಆಫೀಸು ಹೇಳಿತು: ಜಾಗ ಕೊಡುವ ಯಾವ ಹೋಸ್ಟೂ, ಅಂದರೆ ಪೆಟ್ಟಿಗೆಯೂ, ಸಿಗಲಿಲ್ಲ.

"ಪಕ್ಕದಲ್ಲೇ ಕೂತವ್ನಲ್ಲ ಮೇಡಂ" ಎಂದೆ, ಪೆಟ್ಟಿಗೆಯ ನೆತ್ತಿ ತಟ್ಟಿ.

"ಕೂತವ್ನೆ. ಆದರೆ ಪಟ್ಟೀಲಿ ಹೆಸರಿಲ್ಲ ಅನ್ಸುತ್ತೆ."

ನಿಜವೇ ಆಯಿತು. ಹೊಸ ಹೋಸ್ಟ್ ಬಂದರೆ ಆಫೀಸು ತಾನಾಗಿ ಎದ್ದು ನೋಡುವುದಿಲ್ಲವಂತೆ. ಹೋಗಿ ಹುಡುಕಿ ಬರೆದುಕೋ ಎಂದು ನಾವೇ ಹೇಳಬೇಕಂತೆ. ಮೇಡಂ ಒಂದು ಸಾಲು ಹೊಡೆದರು. ಒಂದು ನಿಮಿಷದಲ್ಲಿ ಮೊದಲ ಯಂತ್ರ ಹುಟ್ಟಿತು. ಪೆಟ್ಟಿಗೆ ಹಾಗೇ ಇತ್ತು, ಎಲ್ಲೂ ಏನೂ ಉಬ್ಬಲಿಲ್ಲ. ಹಳೆಯ ಕಂಪ್ಯೂಟರೊಂದರ ಪರದೆಯ ಮೇಲೆ ಮಾತ್ರ ಕರಿ ಹಿನ್ನೆಲೆಯಲ್ಲಿ ಒಂದು ಬಿಳಿ ಗೀಟು ಮಿಣುಕುತ್ತಾ ನಿನ್ನ ಹೆಸರೇನು ಎಂದು ಕೇಳುತ್ತಿತ್ತು. ನಮ್ಮ ಹಳೆಯ ಕಂಪ್ಯೂಟರುಗಳಿಗೆ ಇನ್ನು ಕಿಟಕಿಯ ಕೆಲಸವಷ್ಟೇ. ನಿಜವಾದ ದುಡಿಮೆಯೆಲ್ಲ ಪೆಟ್ಟಿಗೆಯೊಳಗೆ.

ಹುಡುಗಿಯರು ತಮ್ಮ ತಮ್ಮ ಯಂತ್ರಕ್ಕೆ ಹೆಸರಿಟ್ಟರು. ಗಗನ ತನ್ನದಕ್ಕೆ ಕೋಳಿ ಎಂದಿಟ್ಟಳು, ಬೆಳಿಗ್ಗೆ ಬೇಗ ಏಳಲಿ ಎಂದು. ಶ್ವೇತ ತನ್ನದಕ್ಕೆ ಟಗರು ಎಂದಿಟ್ಟಳು. ಹಾಜರಿ ಪುಸ್ತಕದಲ್ಲಿ ಅವಳದು ಕೊನೆಯ ಹೆಸರು, ಯಂತ್ರವೂ ಇಪ್ಪತ್ತನಾಲ್ಕನೆಯದು.

ತೊಂದರೆ ಬಂದದ್ದು ಕರೆಂಟಿನಿಂದ. ನಮ್ಮ ಯುಪಿಎಸ್ ಬ್ಯಾಟರಿ ಊದಿಕೊಂಡು ಕೂತಿತ್ತು. ಕರೆಂಟು ಹೋದರೆ ಪೆಟ್ಟಿಗೆ ಆರಿಬಿಡುವುದು. ಬಂದರೆ ಪೆಟ್ಟಿಗೆ ಏಳುವುದು, ಒಳಗಿನ ಯಂತ್ರಗಳು ಮಾತ್ರ ಮಲಗೇ ಇರುವುವು. ಮೇಡಂ ಒಂದೊಂದನ್ನೇ ಕೈಯಿಂದ ಎಬ್ಬಿಸಬೇಕು.

ಅದನ್ನು ನೋಡಲಾರದೆ ನಾನು ಒಂದು ಮಾತೆಂದೆ. ಇಲ್ಲಿಂದ ಮುಂದಿನದಕ್ಕೆಲ್ಲ ಆ ಮಾತೇ ಕಾರಣ.

"ಮೇಡಂ, ಇದಕ್ಕೂ ಒಂದು ಆಟೋ ಸ್ಟಾರ್ಟರ್ ಹಾಕೋಕೆ ಬರಲ್ವಾ?"

ನಮ್ಮ ಕಡೆ ಪಂಪ್‌ಸೆಟ್ಟಿಗೆ ಅದನ್ನು ಹಾಕದವರಿಲ್ಲ. ತ್ರೀ ಫೇಸು ಯಾವಾಗ ಬರುತ್ತದೋ ಯಾರಿಗೆ ಗೊತ್ತು? ಬಂದ ಕ್ಷಣ ಮೋಟರು ತಾನಾಗಿ ಏಳಬೇಕು, ನಾವು ಎಲ್ಲಿದ್ದರೂ ಗದ್ದೆಗೆ ನೀರು ಬೀಳಬೇಕು. ಮೇಡಂಗೂ ಅದೇ ಹಳ್ಳಿಯ ಬುದ್ಧಿ. ಕಣ್ಣರಳಿಸಿ ಕೈಪಿಡಿ ಹುಡುಕಿದರು. ಇತ್ತು. ಹೋಸ್ಟ್ ಎದ್ದಾಗ ಮೊದಲು ಓಡುತ್ತಿದ್ದ ಯಂತ್ರಗಳನ್ನೆಲ್ಲ ಮತ್ತೆ ಎಬ್ಬಿಸು ಎನ್ನುವ ಒಂದು ಸಾಲು. ಹುಟ್ಟಾ ಅದು 'ಬೇಡ' ಎಂದೇ ಇರುತ್ತದಂತೆ.

"ಇಷ್ಟು ಒಳ್ಳೇದನ್ನ ಯಾಕೆ ಬೇಡ ಅಂತ ಇಟ್ಟವ್ರೆ?" ಎಂದೆ.

"ಅದೇ ನಂಗೂ ಅರ್ಥ ಆಗ್ತಿಲ್ಲ" ಎಂದ ಮೇಡಂ 'ಬೇಡ'ವನ್ನು 'ಬೇಕು' ಮಾಡಿದರು. ನಾಲ್ಕು ಯಂತ್ರ ಓಡುತ್ತಿದ್ದಾಗ ಮೈನ್ ಸ್ವಿಚ್ ಎಳೆದು ಹಾಕಿದೆವು. ನಾಲ್ಕೂ ತಾವಾಗಿ ಎದ್ದವು. ನಾನು ಅವತ್ತು ಪ್ರಿನ್ಸಿಪಾಲರ ಮುಂದೆ ಎರಡು ಸಲ ಅಡ್ಡಾಡಿದೆ.

ಮಂಗಳವಾರ ಇಪ್ಪತ್ತನಾಲ್ಕೂ ಓಡುತ್ತಿದ್ದವು. ಹನ್ನೊಂದಕ್ಕೆ ಕರೆಂಟು ಹೋಯಿತು, ಇಪ್ಪತ್ತು ನಿಮಿಷಕ್ಕೆ ಬಂತು. ಪೆಟ್ಟಿಗೆಯ ಫ್ಯಾನುಗಳು ಕಿರುಚಿಕೊಂಡವು. ಪರದೆಗಳೆಲ್ಲ ಕಪ್ಪಗೆ ನಿಂತವು. ಕಾಲು ಗಂಟೆ ಕಾದೆವು. ಹತ್ತು ಯಂತ್ರ ತಪ್ಪು ತೋರಿಸಿ ಬಿದ್ದವು, ಉಳಿದವು ಏಳಲೂ ಇಲ್ಲ, ಮಲಗಲೂ ಇಲ್ಲ. ಮೇಡಂ ಎಲ್ಲವನ್ನೂ ಬಲವಂತವಾಗಿ ಆರಿಸಿ, ಮತ್ತೆ ಕೈಯಿಂದ ಒಂದೊಂದೇ ಎಬ್ಬಿಸಿದರು. ಇಪ್ಪತ್ತನಾಲ್ಕೂ ಸುಖವಾಗಿ ಓಡಿದವು. ಮತ್ತೆ ಸ್ವಿಚ್ ಎಳೆದು ನೋಡಿದರೆ ಮತ್ತೆ ಅದೇ ಅವಸ್ಥೆ.

"ಜಾಗ ಸಾಲದೇ ಇದ್ರೆ ಕೈಯಿಂದ ಎಬ್ಬಿಸಿದಾಗ್ಲೂ ಬೀಳಬೇಕಿತ್ತು" ಎಂದರು ಮೇಡಂ, ಹಣೆ ಒತ್ತಿಕೊಳ್ಳುತ್ತಾ. "ನಾಲ್ಕಿದ್ದಾಗ ಏಳ್ತವೆ, ಇಪ್ಪತ್ನಾಕಿದ್ರೆ ಬೀಳ್ತವೆ. ಎದ್ದ ಮೇಲೆ ಇಪ್ಪತ್ನಾಕೂ ಓಡ್ತವೆ. ಇದೇನು ಸ್ವಾಮಣ್ಣ?"

ಶ್ವೇತ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಬ್ಯಾಟರಿಗಳನ್ನು ಎತ್ತಿಕೊಂಡು ಮದ್ದೂರಿಗೆ ಹೋದೆ. ಅಲ್ಲಿ ನಜೀರ್ ಅಹ್ಮದರ ಅಂಗಡಿ. ಮೋಟರು ರೀವೈಂಡಿಂಗ್, ಸ್ಟಾರ್ಟರು, ಬ್ಯಾಟರಿ, ಎಲ್ಲ ನೋಡುತ್ತಾರೆ. ನನ್ನ ಪಂಪ್‌ಸೆಟ್ಟಿನ ಕಾಯಿಲೆಗಳೂ ಅವರಿಗೇ ಗೊತ್ತು.

"ಶನಿವಾರಕ್ಕೆ ಮುಂಚೆ ಆಗಲ್ಲ ಸ್ವಾಮಿ" ಎಂದರು ಬ್ಯಾಟರಿ ಮೂಸಿ ನೋಡಿ. ಅವರ ಮುಂದೆ ಸುಟ್ಟು ಕರಕಲಾದ ನಾಲ್ಕು ಸ್ಟಾರ್ಟರ್ ಪೆಟ್ಟಿಗೆಗಳು ಬಾಯಿ ತೆರೆದು ಕೂತಿದ್ದವು.

"ಇದೇನು ನಜೀರಣ್ಣ, ಒಂದೇ ಮನೇವಾ?"

"ಒಂದೇ ಟಿ.ಸಿ.ಯವು, ಒಂದೇ ಟ್ರಾನ್ಸ್‌ಫಾರ್ಮರಿಂದು. ಈ ವರ್ಷ ಮೂರನೇ ಸಲ ಟಿ.ಸಿ. ಸುಟ್ಟದೆ. ಊರೋರು ಕಾಯ್ಲ್ ಸರ್ಯಾಗಿಲ್ಲ, ಎಣ್ಣೆ ಸರ್ಯಾಗಿಲ್ಲ ಅಂತಾವ್ರೆ. ಅದ್ರ ತಪ್ಪು ಏನೂ ಇಲ್ಲ ಕಣಯ್ಯ. ಮೂವತ್ತು ಮೋಟ್ರು ಓಡ್ಲಿ, ಅದು ತಡೀತದೆ. ಮೂವತ್ತೂ ಒಂದೇ ಸಲ ಎದ್ರೆ ಏನ್ ಮಾಡ್ತದೆ? ಓಡೋ ಮೋಟ್ರು ಒಂದು ಪಾಲು ಎಳುದ್ರೆ, ಏಳೋ ಮೋಟ್ರು ಐದಾರು ಪಾಲು ಎಳೀತದೆ."

ನಾನು ಕೂತಿದ್ದ ಡಬ್ಬದಿಂದ ಎದ್ದೆ.

"ಇನ್ನೊಂದು ಸಲ ಹೇಳಣ್ಣ."

"ಯಾಕ್ಲಾ, ಕಿವಿ ಕೇಳಲ್ವಾ? ಓಡೋದು ಬೇರೆ, ಏಳೋದು ಬೇರೆ. ಅದ್ಕೇ ನಾನು ಪ್ರತಿ ಆಟೋ ಸ್ಟಾರ್ಟರ್ಗೂ ಟೈಮರ್ ಹಾಕಿ ಕಳುಸ್ತೀನಿ. ನಿಂದು ಒಂದು ನಿಮ್ಷಕ್ಕೆ, ಅವ್ನದು ಎರಡು ನಿಮ್ಷಕ್ಕೆ, ಇವ್ನದು ಮೂರಕ್ಕೆ. ಮನೆಗೆ ಓದೇಟ್ಗೆ ಎಲ್ರೂ ತಿರುಗಿಸಿ ಸೊನ್ನೆಗೆ ಇಟ್ಕೋತಾರೆ. ನನ್ ಗದ್ದೆಗೇ ಮೊದ್ಲು ಬೀಳ್ಬೇಕು ಅಂತ." ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ನಿಂದೆಷ್ಟಕ್ಕದೆ?"

"ಅದೆಲ್ಲ ಈಗ್ಯಾಕೆ" ಎಂದೆ.

"ಸೊನ್ನೇಲದೆ ಅಂತಾಯ್ತು."

ಬಸ್ಸಿಗೆ ಕಾಯುತ್ತಲೇ ಮೇಡಂಗೆ ಫೋನು ಮಾಡಿದೆ. ನಜೀರಣ್ಣ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಕೊನೆಗೆ, "ಡಿಸ್ಕು" ಎಂದರು. "ಓಡೋ ಯಂತ್ರ ಡಿಸ್ಕನ್ನ ಆಗೊಮ್ಮೆ ಈಗೊಮ್ಮೆ ಮುಟ್ಟುತ್ತೆ. ಏಳೋ ಯಂತ್ರ ಪೂರ್ತಿ ಓದ್ಕೊಂಡು ಏಳ್ಬೇಕು. ಇಪ್ಪತ್ನಾಕೂ ಒಂದೇ ಡಿಸ್ಕಿಗೆ ಮುಗಿಬಿದ್ದವೆ. ಅದಕ್ಕೇ ಬೇಡ ಅಂತ ಇಟ್ಟಿದ್ದು ಅವರು. ಬೇಗ ಬನ್ನಿ ಸ್ವಾಮಣ್ಣ."

ನಾನು ಬರುವಷ್ಟರಲ್ಲಿ ಆ ಸಾಲು ಮತ್ತೆ 'ಬೇಡ' ಆಗಿತ್ತು. ಅದರ ಬದಲು ಮೇಡಂ ಹತ್ತು ಸಾಲಿನ ಒಂದು ಆಜ್ಞೆ ಬರೆದಿದ್ದರು: ಪೆಟ್ಟಿಗೆ ಎದ್ದ ಮೇಲೆ ಆಫೀಸು ಒಂದನೆಯ ಯಂತ್ರವನ್ನು ಎಬ್ಬಿಸು ಎನ್ನಬೇಕು, ಸ್ವಲ್ಪ ಕಾಯಬೇಕು, ಆಮೇಲೆ ಎರಡನೆಯದು. ಎಷ್ಟು ಕಾಯಬೇಕೆಂದು ಸಂಜೆಯವರೆಗೆ ಸ್ವಿಚ್ ಎಳೆದೆಳೆದು ನೋಡಿದೆವು. ಹತ್ತು ಸೆಕೆಂಡಿಗೆ ಹದಿನಾರನೆಯದು ಮುಗ್ಗರಿಸಿತು. ಹದಿನೈದಕ್ಕೆ ಒಮ್ಮೆ ಸರಿ, ಒಮ್ಮೆ ತಪ್ಪು. ಇಪ್ಪತ್ತಕ್ಕೆ ಮೂರು ಸಲವೂ ಎಲ್ಲ ಎದ್ದವು.

ಸರದಿ ಯಾರಿಂದ ಎಂದು ಹುಡುಗಿಯರಲ್ಲಿ ಜಗಳ ಹತ್ತಿತು. ಕೋಳಿಯೇ ಮೊದಲು ಕೂಗಬೇಕೆಂದು ಗಗನ ವಾದ ಮಾಡಿದಳು. ಹಾಜರಿ ಪುಸ್ತಕದಂತೆ ಎಂದುಬಿಟ್ಟರು ಮೇಡಂ. ಹಾಗಾದರೆ ಶ್ವೇತಳ ಯಂತ್ರ ಎಂಟು ನಿಮಿಷಕ್ಕೆ.

"ನಿಂದನ್ನ ಮುಂದಕ್ಕೆ ಹಾಕ್ಲಾ?" ಎಂದು ಮೇಡಂ ಮೆತ್ತಗೆ ಕೇಳಿದರು.

"ಬ್ಯಾಡಿ ಮೇಡಂ. ಒಂಬತ್ತು ತಿಂಗಳು ಕಾಯ್ತಿರೋಳಿಗೆ ಎಂಟು ನಿಮ್ಷ ಒಂದು ಲೆಕ್ಕವಾ?" ಎಂದಳು ಶ್ವೇತ.

ಗುರುವಾರ ಬಂದವರು ಹರ್ಷವರ್ಧನ ಎನ್ನುವವರು. ತೆಳ್ಳಗೆ, ಇಸ್ತ್ರಿ ಮಾಡಿದ ಅಂಗಿ, ನಗು ಕಡಿಮೆ. ಇಪ್ಪತ್ತನಾಲ್ಕು ಹುಡುಗಿಯರೂ ಕೂತು ಕೆಲಸ ಶುರು ಮಾಡಿದರು. ಸಾಲು ಸಾಲಾಗಿ ನೋಡಿಕೊಂಡು ಬಂದು, ಶ್ವೇತಳ ಹಿಂದೆ ಒಂದು ಗಳಿಗೆ ನಿಂತು, ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಅಷ್ಟರಲ್ಲಿ ಕರೆಂಟು ಹೋಯಿತು.

"ಯುಪಿಎಸ್?"

"ರಿಪೇರಿಗೆ ಹೋಗಿದೆ ಸಾರ್" ಎಂದರು ಪ್ರಿನ್ಸಿಪಾಲರು, ನನ್ನ ಕಡೆ ನೋಡುತ್ತಾ.

ಹರ್ಷವರ್ಧನ ಪೆನ್ನಿನ ಮುಚ್ಚಳ ಹಾಕಿದರು. "ಪರೀಕ್ಷೆ ದಿನವೂ ಹೀಗಾದರೆ ಮಕ್ಕಳ ಗತಿ ಏನು? ಮಂಡ್ಯವೇ ವಾಸಿ ಅನ್ಸುತ್ತೆ."

"ಕರೆಂಟ್ ಬರ್ಲಿ ಸಾರ್. ನೋಡ್ಕೊಂಡು ಆಮೇಲೆ ಬರೀರಿ" ಎಂದರು ಅನು ಮೇಡಂ. ದನಿ ಗಟ್ಟಿಯಾಗೇ ಇತ್ತು.

ಹದಿನೈದು ನಿಮಿಷಕ್ಕೆ ಕರೆಂಟು ಬಂತು. ಪೆಟ್ಟಿಗೆ ತಾನು ಏಳಲು ನಾಲ್ಕು ನಿಮಿಷ ತೆಗೆದುಕೊಂಡಿತು. ಮೊದಲ ಸಾಲಿನ ಮೊದಲ ಪರದೆಯಲ್ಲಿ ಬಿಳಿ ಗೀಟು ಮಿಣುಕಿತು. ಹರ್ಷವರ್ಧನ ಸುತ್ತ ನೋಡಿದರು.

"ಒಂದೇನಾ? ಉಳಿದವು?"

"ಬತ್ತವೆ ಸಾರ್, ಸರದೀಲಿ" ಎಂದೆ ನಾನು. ಬಾಯಿ ತಡೆಯಲಿಲ್ಲ.

ಎರಡನೆಯದು. ಮೂರನೆಯದು. ಅವರು ಕೈಗಡಿಯಾರ ನೋಡತೊಡಗಿದರು. ಆರನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲವೂ ಒಟ್ಟಿಗೆ ಯಾಕೆ ಏಳಬಾರದು?"

ಮೇಡಂ ನನ್ನ ಕಡೆ ನೋಡಿದರು. "ಅದು ಸ್ವಾಮಣ್ಣನೇ ಹೇಳಬೇಕು ಸಾರ್."

ಹೇಳಿದೆ. ನನ್ನ ಆಟೋ ಸ್ಟಾರ್ಟರಿನ ಬುದ್ಧಿಯಿಂದ ಹಿಡಿದು ನಜೀರಣ್ಣನ ಟಿ.ಸಿ.ವರೆಗೆ, ಮಂಗಳವಾರ ಎಲ್ಲ ಬಿದ್ದದ್ದನ್ನೂ ಬಿಡದೆ. ಪ್ರಿನ್ಸಿಪಾಲರು ಮಧ್ಯದಲ್ಲಿ ಎರಡು ಸಲ ಕೆಮ್ಮಿದರು. ಹರ್ಷವರ್ಧನ ಮಾತ್ರ ಮುಂದಕ್ಕೆ ಬಗ್ಗಿದರು.

"ಇಪ್ಪತ್ತು ಸೆಕೆಂಡೇ ಯಾಕೆ? ಹತ್ತು ಯಾಕಲ್ಲ?"

"ನೋಡಿದೆವು ಸಾರ್. ಹದಿನಾರನೇದು ಮುಗ್ಗರಿಸಿತು" ಎಂದರು ಮೇಡಂ.

"ಹದಿನಾರನೇದೇ?" ಎಂದು ಅವರು ಎದ್ದು ಹೋಗಿ ಆ ಪರದೆಯ ಮುಂದೆ ನಿಂತರು. ಸರದಿ ಬಂತು, ಅದು ಮುಗ್ಗರಿಸದೆ ಎದ್ದಿತು. ಆಮೇಲೆ ಒಂದೊಂದಕ್ಕೂ ಅವರೇ ತುಟಿಯಲ್ಲೇ ಎಣಿಸತೊಡಗಿದರು. ಇಪ್ಪತ್ತೊಂದು. ಇಪ್ಪತ್ತೆರಡು. ಇಪ್ಪತ್ತಮೂರು.

ಇಪ್ಪತ್ತನಾಲ್ಕು ಏಳಲಿಲ್ಲ.

ಇಪ್ಪತ್ತು ಸೆಕೆಂಡು ಕಳೆಯಿತು, ನಲವತ್ತು ಕಳೆಯಿತು. ಶ್ವೇತಳ ಮುಂದಿನ ಪರದೆ ಕಪ್ಪಗೇ ಇತ್ತು. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಮೇಡಂ ಸರ್ವರಿನ ಪಟ್ಟಿ ತೆರೆದರು. "ಓಡ್ತಾ ಇದೆಯಲ್ಲ" ಎಂದರು ಗೊಂದಲದಲ್ಲಿ. "ಟಗರು ಎದ್ದು ನಿಂತದೆ. ಇಲ್ಲಿ ಕಾಣಿಸ್ತದೆ."

ನಾನು ಮೇಜಿನ ಕೆಳಗೆ ಬಗ್ಗಿದೆ. ಮಾನಿಟರಿನ ಸ್ವಿಚ್ಚು ಆಫ್ ಆಗಿತ್ತು.

"ಯಾರವ್ವ ಇದನ್ನ ಆರಿಸಿದ್ದು?"

"ನಾನೇ ಸ್ವಾಮಣ್ಣ" ಎಂದಳು ಶ್ವೇತ. "ಕರೆಂಟ್ ಓದೇಟ್ಗೆ ಸ್ವಿಚ್ ಆರಿಸ್ಬುಡು, ಬಂದಾಗ ಜಾಸ್ತಿ ಬಂದ್ರೆ ಸುಟ್ಟೋಯ್ತದೆ ಅಂತ ನಮ್ಮತ್ತೆ ದಿನಾ ಹೇಳ್ತಾರೆ. ಕೈ ಅದರಷ್ಟಕ್ಕೆ ಓಯ್ತು."

ಸ್ವಿಚ್ ಹಾಕಿದೆ. ಪರದೆ ಬೆಳಗಿತು. ಟಗರು ಹೆಸರು ಕೇಳುತ್ತಾ ನಿಂತಿತ್ತು. ಅವಳು ಒಳಗೆ ಹೋಗಿ ತನ್ನ ಕೆಲಸ ತೆರೆದಳು.

"ಎಷ್ಟು ಹೋಯಿತು?" ಎಂದರು ಹರ್ಷವರ್ಧನ, ಅವಳ ಹಿಂದೆ ಬಂದು.

"ಒಂದು ಸಾಲು ಸಾರ್. ಮಿಕ್ಕಿದ್ದೆಲ್ಲ ಉಳಿಸಿಟ್ಟಿದ್ದೆ" ಎಂದು ಆ ಸಾಲನ್ನು ಮತ್ತೆ ಹೊಡೆದಳು.

ಅವರು ಫಾರಂ ತೆಗೆದರು. ಬರೆದದ್ದನ್ನು ಪ್ರಿನ್ಸಿಪಾಲರು ಆಮೇಲೆ ಓದಿ ಹೇಳಿದರು: ಕೇಂದ್ರ ಇಲ್ಲಿಯೇ ಇರಬಹುದು, ವಿದ್ಯುತ್ ಹೋದರೆ ಪ್ರತಿ ಸಲಕ್ಕೂ ಹದಿನೈದು ನಿಮಿಷ ಹೆಚ್ಚು ಕೊಡತಕ್ಕದ್ದು. ಹೊರಡುವಾಗ ಹರ್ಷವರ್ಧನ ಮೇಡಂ ಹತ್ತಿರ ಆ ಹತ್ತು ಸಾಲುಗಳನ್ನು ಕೇಳಿ ತಮ್ಮ ಫೋನಿಗೆ ಹಾಕಿಸಿಕೊಂಡರು.

ಪರೀಕ್ಷೆಯ ಮೂರು ದಿನದಲ್ಲಿ ಕರೆಂಟು ಎರಡು ಸಲ ಹೋಯಿತು. ನಜೀರಣ್ಣನ ಬ್ಯಾಟರಿ ಒಂದು ಸಲ ತಡೆಯಿತು, ಇನ್ನೊಂದು ಸಲ ಕೈ ಬಿಟ್ಟಿತು. ಶ್ವೇತ ಮಾನಿಟರಿನ ಕಡೆ ಹೋದ ಕೈಯನ್ನು ಅರ್ಧದಲ್ಲೇ ತಡೆದು, ತನ್ನ ಸರದಿ ಬರುವವರೆಗೆ ಕಿಟಕಿಯಾಚೆ ನೋಡುತ್ತಾ ಕೂತಿದ್ದು, ಆಮೇಲೆ ಬರೆದಳು. ಮೂರೂ ದಿನ ಬರೆದಳು. ಕೊನೆಯ ದಿನ ಅವಳ ಗಂಡ ಆಟೋವನ್ನು ಲ್ಯಾಬಿನ ಮೆಟ್ಟಿಲವರೆಗೂ ತಂದು ನಿಲ್ಲಿಸಿದ್ದ.

ಮಾರನೆಯ ಭಾನುವಾರ ಬೆಳಿಗ್ಗೆ ನಾನು ಗದ್ದೆಗೆ ಹೋದೆ. ಸ್ಟಾರ್ಟರ್ ಪೆಟ್ಟಿಗೆ ತೆಗೆದು ಟೈಮರನ್ನು ಸೊನ್ನೆಯಿಂದ ಮೂರಕ್ಕೆ ತಿರುಗಿಸಿದೆ. ತ್ರೀ ಫೇಸು ಬಂತು. ಪಕ್ಕದ ಮುದ್ದಯ್ಯನ ಮೋಟರು ಗುರ್ ಎಂದಿತು, ಅದರಾಚೆಯದು, ಅದರಾಚೆಯದು. ನಮ್ಮದು ಸುಮ್ಮನಿತ್ತು.

"ನಮ್ದು ಕೆಟ್ಟೋಗದೆ, ನೋಡೋಗಿ" ಎಂದಳು ನನ್ನ ಹೆಂಡತಿ ನಾಗರತ್ನ, ಸೊಂಟಕ್ಕೆ ಸೆರಗು ಸಿಗಿಸುತ್ತಾ.

"ಕೆಟ್ಟಿಲ್ಲ, ಇರು."

ಅವಳು ಪೆಟ್ಟಿಗೆಯನ್ನೂ ನನ್ನ ಮುಖವನ್ನೂ ಸರದಿಯಲ್ಲಿ ನೋಡಿದಳು. ಮೂರನೇ ನಿಮಿಷಕ್ಕೆ ಒಳಗೆ ಟಕ್ ಎಂದಿತು. ಪೈಪು ಎರಡು ಸಲ ಉಗುಳಿ ನೀರು ಬಿಟ್ಟಿತು. ಅಷ್ಟರಲ್ಲಿ ಬದುವಿನ ಮೇಲೆ ಮುದ್ದಯ್ಯ ಬಂದು ನಿಂತಿದ್ದ.

"ಏನ್ಲಾ ಸ್ವಾಮಿ, ನಿನ್ ಮೋಟ್ರಿಗೆ ಏನಾಗಿತ್ತು?"

"ಏನಿಲ್ಲ. ನಿಂದು ಮೊದ್ಲು ಏಳ್ಲಿ ಅಂತ ಕಾಯ್ತಿತ್ತು."

ಅವನು ನಂಬಲಿಲ್ಲ. ನಮ್ಮಲ್ಲಿ ಯಾರ ಮೋಟರೂ ಯಾರಿಗೂ ಕಾದದ್ದಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ನಮ್ಮ ಪೆಟ್ಟಿಗೆಯ ಹತ್ತಿರ ಬಂದ, ಬಗ್ಗಿ ಒಳಗೆ ಇಣುಕಿದ.

"ಇದೇನ್ಲಾ, ಮೂರಕ್ಕಿಟ್ಟಿದ್ದೀಯ? ಇಟ್ರೆ ಏನಾಯ್ತದೆ?"

"ಕೂತ್ಕೋ" ಎಂದೆ, ಬದುವಿನ ಮೇಲೆ ಜಾಗ ಮಾಡಿ. "ಕಾಲೇಜಿಗೆ ಒಂದು ಪೆಟ್ಟಿಗೆ ಬಂದಿತ್ತು, ಟ್ರಾಕ್ಟರ್‌ನಲ್ಲಿ."